ಗುರುವಾರದ ಬೋರಣ್ಣ

ಬೋರಣ್ಣ ಯಾವತ್ತೂ ಕೆಂಪು ಟವಲು ಹೆಗಲಿಗೆ ಹಾಕಿದವರಲ್ಲ. ಹಸಿರನ್ನೂ ಹಾಕುತ್ತಿರಲಿಲ್ಲ. ರೈಲ್ವೆಯ ಗ್ಯಾಂಗಿನಲ್ಲಿ ಹಳಿ ನೋಡಿಕೊಂಡೇ ಆಯುಷ್ಯ ಕಳೆದವರಿಗೆ ಆ ಎರಡು ಬಣ್ಣ ಬರೀ ಬಣ್ಣವಲ್ಲ, ಅಪ್ಪಣೆ. "ಕೆಂಪು ಅಂದ್ರೆ ನಿಲ್ಲು, ಹಸ್ರು ಅಂದ್ರೆ ಹೋಗು. ಅದ್ನ ಹೆಗಲ್ ಮೇಲ್ ಹಾಕ್ಕಂಡು ಬೀದಿ ಸುತ್ತಕ್ಕಾಯ್ತದಾ ಮೇಷ್ಟ್ರೇ?" ಎನ್ನುತ್ತಿದ್ದರು. ನಿವೃತ್ತಿಯಾಗಿ ಎಷ್ಟೋ ವರ್ಷವಾದ ಮೇಲೂ ಹಾಗೇ. ಒಂದು ರಾಜ್ಯೋತ್ಸವದ ದಿನ ನಮ್ಮ ಬೀದಿಯವರು ಅವರಿಗೊಂದು ಕೆಂಪು ಶಾಲು ಹೊದಿಸಿ ಸನ್ಮಾನ ಮಾಡಿದರು. ಸಭೆ ಮುಗಿಯುವವರೆಗೂ ಮೈಮೇಲೆ ಚೇಳು ಬಿಟ್ಟುಕೊಂಡವರ ಹಾಗೆ ಕೂತಿದ್ದು, ವೇದಿಕೆ ಇಳಿದವರೇ ಅದನ್ನು ಮಡಿಸಿ ನಮ್ಮ ಅಮ್ಮನ ಕೈಗೆ ಕೊಟ್ಟರು. ಆವತ್ತಿನಿಂದ ಅಮ್ಮ ಹೊದ್ದು ಮಲಗುವುದು ಅದನ್ನೇ. ನಾನು ಚಳಿಗೆಂದು ತಂದುಕೊಟ್ಟ ಉಣ್ಣೆಯ ಶಾಲು ಬೀರುವಿನಲ್ಲಿ ನುಸಿಗುಳಿಗೆಯ ಜೊತೆ ಸಂಸಾರ ಮಾಡುತ್ತಿದೆ.

ಸುತ್ತುಬಳಸು ಬೇಡ, ಮೊದಲೇ ಹೇಳಿಬಿಡುತ್ತೇನೆ. ಈ ಮನುಷ್ಯನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವರು ಹೋಗಿ ವರ್ಷವಾಗುತ್ತ ಬಂತು, ಕಿಚ್ಚು ಇನ್ನೂ ಪೂರ್ತಿ ಆರಿಲ್ಲ. ಐವತ್ತು ದಾಟಿದ ಗಂಡಸು, ಪಾಲಿಟೆಕ್ನಿಕ್ಕಿನಲ್ಲಿ ಹುಡುಗರಿಗೆ ಕಟ್ಟಡದ ನಕ್ಷೆ ಬರೆಯುವುದನ್ನು ಕಲಿಸುವವನು, ಒಬ್ಬ ಗ್ಯಾಂಗ್‌ಮನ್ ಮೇಲೆ ಹೊಟ್ಟೆ ಉರಿದುಕೊಂಡೆ ಎಂದರೆ ನಗುತ್ತೀರಿ. ನಗಿ. ನಿಮ್ಮ ತಾಯಿ ನಿಮ್ಮ ಕೈ ಬಿಟ್ಟು ಇನ್ನೊಬ್ಬರ ತೋಳು ಹಿಡಿದಾಗ ಗೊತ್ತಾಗುತ್ತದೆ.

ನಮ್ಮ ಮನೆ ಇರುವುದು ಕೆಂಗೇರಿ ಉಪನಗರದಲ್ಲಿ. ಅಮ್ಮನಿಗೆ ಎಪ್ಪತ್ತಾರು, ಎರಡೂ ಮಂಡಿ ಸವೆದಿವೆ. ಅವಳಿಗೆ ಇರುವುದು ಒಬ್ಬಳೇ ತಂಗಿ, ನನ್ನ ಚಿಕ್ಕಮ್ಮ. ಆಕೆ ಮೈಸೂರು ಲೈನಿನಲ್ಲಿ, ಅಕ್ಕತಂಗಿಯರಿಬ್ಬರೂ ಹುಟ್ಟಿದ ಹಳ್ಳಿಯಲ್ಲೇ ಮಗಳ ಮನೆಯಲ್ಲಿದ್ದಾಳೆ. ಸೊಂಟ ಮುರಿದುಕೊಂಡ ಮೇಲೆ ಹೊಸಿಲು ದಾಟುವುದಿಲ್ಲ. ಹಾಗಾಗಿ ಗುರುವಾರ ಗುರುವಾರ ಅಮ್ಮನೇ ಹೋಗಬೇಕು. ಹೋಗಿ ಇಬ್ಬರೂ ಸೇರಿ ಮಾಡುವ ಘನಕಾರ್ಯವೆಂದರೆ ಚೌಕಾಬಾರ ಆಡುವುದು, ಜಗಳವಾಡುವುದು, ಊಟ ಮಾಡುವುದು, ಮತ್ತೆ ಚೌಕಾಬಾರ ಆಡುವುದು. ಅಷ್ಟಕ್ಕಾಗಿ ಅಮ್ಮ ಉಳಿದ ಆರು ದಿನ ಬದುಕಿರುತ್ತಾಳೆ ಎಂದರೆ ಹೆಚ್ಚಿನ ಮಾತಲ್ಲ. ಕಾರಿನಲ್ಲಿ ಕರೆದುಕೊಂಡು ಹೋದರೆ ಬಿಡದಿ ದಾಟುವಷ್ಟರಲ್ಲಿ ಹೊಟ್ಟೆ ತೊಳಸಿ ವಾಂತಿ. ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲೇ ಎತ್ತಲಾಗುವುದಿಲ್ಲ. ಉಳಿದದ್ದು ರೈಲು. ಕೆಂಗೇರಿಯಲ್ಲಿ ಹತ್ತುವುದೇನೂ ಕಷ್ಟವಿಲ್ಲ, ಪ್ಲಾಟ್‌ಫಾರಂ ರೈಲಿನ ಬಾಗಿಲಿನ ಮಟ್ಟಕ್ಕಿದೆ. ಇಳಿಯುವ ಕಡೆಯದೇ ರಾಮಾಯಣ.

ಚಿಕ್ಕಮ್ಮನ ಊರಿನ ಸ್ಟೇಷನ್ನಿನ ಹೆಸರು ಹೇಳಿದರೆ ನಿಮಗೆ ತಿಳಿಯುವುದಿಲ್ಲ. ಎಕ್ಸ್‌ಪ್ರೆಸ್ ಗಾಡಿಗಳು ಕೂಗಿಕೊಂಡು ಹಾದುಹೋಗುವ ಜಾಗ ಅದು. ಪ್ಯಾಸೆಂಜರ್ ಗಾಡಿ ಮಾತ್ರ ಒಂದು ನಿಮಿಷ ನಿಲ್ಲುತ್ತದೆ. ಪ್ಲಾಟ್‌ಫಾರಂ ಎಂದರೆ ಆಗ ನೆಲಕ್ಕಿಂತ ಒಂದು ಗೇಣು ಮೇಲಿದ್ದ ಮಣ್ಣಿನ ದಿಬ್ಬ. ಬಾಗಿಲಿನ ಕೊನೆಯ ಮೆಟ್ಟಿಲಿಗೂ ಆ ನೆಲಕ್ಕೂ ನಡುವೆ ಅಮ್ಮನ ಸೊಂಟದಷ್ಟು ಎತ್ತರ. ಹೇಗೋ ಇಳಿದರೂ ಊರು ಇರುವುದು ಹಳಿಯ ಆಚೆ ಕಡೆ. ಮೇಲ್ಸೇತುವೆ ಹತ್ತಲು ನಲವತ್ತಾರು ಮೆಟ್ಟಿಲು, ಇಳಿಯಲು ನಲವತ್ತಾರು. ಒಂದು ಸಲ ನಾನು ಅವಳ ಕಂಕುಳಿಗೆ ಕೈ ಕೊಟ್ಟು ಇಳಿಸಲು ಹೋಗಿ, ಅವಳು ಜಾರಿ, ನಾನೂ ಜಾರಿ, ಇಬ್ಬರೂ ಮಣ್ಣಿನ ಮೇಲೆ ಕೂತುಬಿಟ್ಟೆವು. ಪುಣ್ಯಕ್ಕೆ ಮೂಳೆ ಉಳಿಯಿತು. "ಇನ್ನು ಸಾಕು ಕಣೋ," ಎಂದಳು ಅಮ್ಮ. ಅದಾದ ಮೇಲೆ ಹತ್ತು ತಿಂಗಳು ಅಕ್ಕತಂಗಿಯರು ಫೋನಿನಲ್ಲೇ ಜಗಳವಾಡಿದರು. ಫೋನಿನ ಜಗಳದಲ್ಲಿ ರುಚಿಯಿಲ್ಲ ಎಂದು ಅಮ್ಮ ಊಟ ಕಡಿಮೆ ಮಾಡಿದಳು.

ಈ ಕಥೆಯನ್ನು ಅಮ್ಮ ಹಾಲಿನ ಬೂತಿನ ಮುಂದೆ ಯಾರಿಗೋ ಹೇಳುತ್ತಿದ್ದುದು ಪಕ್ಕದಲ್ಲಿ ನಿಂತಿದ್ದ ಬೋರಣ್ಣನ ಕಿವಿಗೆ ಬಿದ್ದಿದೆ. ಅವರ ಮನೆ ಹಳೇ ಕೆಂಗೇರಿಯಲ್ಲಿ. ಮುಖ ನೋಡಿದರೆ ಗುರುತು ಸಿಗುವಷ್ಟೇ ನಮಗೆ ಪರಿಚಯ. ಮುಂದಿನ ಗುರುವಾರ ಬೆಳಿಗ್ಗೆ ನಾನು ಕಾಲೇಜಿಗೆ ಹೊರಡುತ್ತಿದ್ದಾಗ ಗೇಟಿನ ಮುಂದೆ ಒಬ್ಬ ಸಣಕಲು ಮನುಷ್ಯ ನಿಂತಿದ್ದರು. ಬಿಳಿ ಟವಲು, ಬಿಳಿ ಮೀಸೆ, ಹೆಗಲ ಮೇಲೆ ಹಲಸಿನ ಹಲಗೆಯ ಎರಡು ಮೆಟ್ಟಿಲಿನ ಸ್ಟೂಲು. ಜಾರದಿರಲೆಂದು ಅದರ ಕಾಲುಗಳಿಗೆ ಹಳೆಯ ಟೈರಿನ ತುಂಡು ಹೊಡೆದಿದ್ದರು. "ಅಕ್ಕಾ, ಹೊಲ್ಡಿ. ಗಾಡಿ ಹೊತ್ತಾಯ್ತು," ಎಂದರು. ಅಷ್ಟೇ. ಅಮ್ಮ ನನ್ನ ಮುಖವನ್ನೂ ನೋಡಲಿಲ್ಲ. ಸೀರೆ ಬದಲಿಸಿಕೊಂಡು ಬಂದು ಅವರ ಹಿಂದೆ ಹೊರಟೇಬಿಟ್ಟಳು. ನಾನು ಹತ್ತು ತಿಂಗಳಿಂದ ದಮ್ಮಯ್ಯ ಎಂದರೂ ಹೊರಡದವಳು!

ಸಂಜೆ ಅವಳು ಮನೆಗೆ ಬಂದಾಗ ಮುಖದಲ್ಲಿ ಮದುವೆ ಮನೆಯ ಕಳೆ. "ಬೋರಣ್ಣ ಏನಂದ ಗೊತ್ತೇನೋ? ನಿಮ್ಮಂಥ ಹಗುರ ಹೆಜ್ಜೆ ಈ ಲೈನಲ್ಲೇ ಯಾರ್ದೂ ಇಲ್ಲ ಅಕ್ಕಾ ಅಂದ." ಈ ಮಾತನ್ನು ಆ ವಾರ ಅವಳು ಬಂದವರಿಗೆಲ್ಲ ಹೇಳಿದಳು. ಎಪ್ಪತ್ತು ಕೆಜಿ ತೂಕದ ನನ್ನ ಅಮ್ಮ.

ಈ ಬೋರಣ್ಣ ಮಾಡುವುದಾದರೂ ಏನು ನೋಡೋಣವೆಂದು ಒಂದು ಗುರುವಾರ ರಜೆ ಹಾಕಿ ನಾನೂ ಜೊತೆಗೆ ಹೋದೆ. ನೋಡಿದ್ದರಿಂದ ನನ್ನ ಸಂಕಟ ಇಮ್ಮಡಿಯಾಯಿತು. ಆ ಮನುಷ್ಯ ಯಾರ ಕೈಯನ್ನೂ ಹಿಡಿಯುತ್ತಿರಲಿಲ್ಲ. "ಗಾಡಿ ನಿಲ್ಲೋದು ಒಂದ್ ನಿಮ್ಸ, ಮಂಡಿಗೆ ಬೇಕಾಗೋದು ಎರಡು" ಎಂದು, ಸ್ಟೇಷನ್ನಿಗೆ ಮುಂಚೆ ಸಿಗುವ ಹಳ್ಳದ ಸೇತುವೆಯ ಸದ್ದು ಕೇಳಿದ ಕೂಡಲೇ ಅಮ್ಮನನ್ನು ಎಬ್ಬಿಸಿ ಬಾಗಿಲ ಬಳಿ ಕಂಬಿ ಹಿಡಿಸಿ ನಿಲ್ಲಿಸಿದರು. ಗಾಡಿ ನಿಂತಿತು. ತಾವು ಮೊದಲು ಇಳಿದು, ಸ್ಟೂಲಿಟ್ಟು, ಅದನ್ನು ಕಾಲಿನಿಂದ ಒಮ್ಮೆ ಒತ್ತಿ ನೋಡಿ, ಪಕ್ಕಕ್ಕೆ ತಿರುಗಿ ಎಡತೋಳು ಮಡಿಸಿ ಕಂಬದ ಹಾಗೆ ನಿಂತರು. ಮುಖ ಎಂಜಿನ್ ಕಡೆಗೆ. ಅಮ್ಮನ ಕಡೆಗೆ ನೋಡಲೇ ಇಲ್ಲ. ಅಮ್ಮ ಆ ತೋಳನ್ನು ಹಿಡಿದು, ಒಂದು, ಎರಡು, ನೆಲಕ್ಕಿಳಿದಳು. ಗಾಡಿ ಹೊರಟಿತು.

"ಕೈ ಹಿಡ್ಕೊಬಾರ್ದಾ ಬೋರಣ್ಣ? ಬಿದ್ರೆ?" ಎಂದು ಕೇಳಿದೆ, ತಪ್ಪು ಹುಡುಕುವ ಆಸೆಯಿಂದ.

"ನಾವ್ ಹಿಡ್ಕಂಡ್ರೆ ಅವ್ರನ್ನ ನಾವ್ ಎಳ್ದಂಗೆ. ಅವ್ರೇ ಹಿಡ್ಕಂಡ್ರೆ ಎಷ್ಟ್ ಬೇಕೋ ಅಷ್ಟ್ ಹಿಡ್ಕತಾರೆ, ಬ್ಯಾಡ ಅಂದಾಗ ಬಿಡ್ತಾರೆ."

"ಮತ್ತೆ ಆ ಕಡೆ ಯಾಕೆ ತಿರುಗಿ ನಿಲ್ತೀರ?"

"ನೋಡ್ತಾ ನಿಂತ್ರೆ ಅವ್ರಿಗೆ ಅವಸ್ರ ಆಯ್ತದೆ ಮೇಷ್ಟ್ರೇ."

ಮುಂದೆ ಮೇಲ್ಸೇತುವೆ. ಹಳಿ ದಾಟಿದರೆ ಎರಡೇ ನಿಮಿಷ, ಊರಿನ ಜನವೆಲ್ಲ ಹಾಗೇ ದಾಟುತ್ತಿದ್ದರು. ಬೋರಣ್ಣ ಮಾತ್ರ ಸುತರಾಂ ಒಪ್ಪುವವರಲ್ಲ. ಗ್ಯಾಂಗಿನಲ್ಲಿದ್ದಾಗ ಹಳಿಯ ಮೇಲಿಂದ ಯಾರ್ಯಾರನ್ನು ಎತ್ತಬೇಕಾಗಿತ್ತೋ, ಅದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಹಾಗಾಗಿ ನಲವತ್ತಾರು ಮೆಟ್ಟಿಲು. ಪ್ರತಿ ತಿರುವಿನಲ್ಲೂ ಸ್ಟೂಲು ಹೆಗಲಿನಿಂದ ಇಳಿಯುತ್ತಿತ್ತು, ಅಮ್ಮ ಅದರ ಮೇಲೆ ಕೂರುತ್ತಿದ್ದಳು, ಬೋರಣ್ಣ ಒಂದು ಕಥೆ ಹೇಳುತ್ತಿದ್ದರು. ಗ್ಯಾಂಗಿನ ಕಥೆಗಳು: ಬೇಸಿಗೆಯಲ್ಲಿ ಹಳಿ ಉಬ್ಬಿದ್ದು, ಎಮ್ಮೆಯೊಂದು ಸಿಗ್ನಲ್ ಕಂಬಕ್ಕೆ ಮೈ ತಿಕ್ಕಿಕೊಂಡು ಅರ್ಧ ಗಂಟೆ ಕದಲದೆ ನಿಂತಿದ್ದು, ಹೊಸ ಮೇಸ್ತ್ರಿ ಹಾವಿನ ಮೇಲೆ ಕೂತು ಬೀಡಿ ಸೇದಿದ್ದು. ಅಮ್ಮ ಏದುಸಿರಿನ ನಡುವೆ ನಗುತ್ತಿದ್ದಳು. ಹೀಗೆ ಅರ್ಧ ಗಂಟೆ. ಮನೆ ತಲುಪಿದ ಮೇಲೆ ಚೌಕಾಬಾರಕ್ಕೆ ಮೂರನೆಯವರಾಗಿ ಕೂರುತ್ತಿದ್ದವರೂ ಅವರೇ. ಚಿಕ್ಕಂದಿನಲ್ಲಿ ಆ ಜಾಗ ನನ್ನದಾಗಿತ್ತು.

ಮನೆಯಲ್ಲಿ ಬುಧವಾರ ಸಂಜೆ ಕೋಡುಬಳೆ ಕರಿಯುವುದು ಶುರುವಾಯಿತು. ಗರಿಗರಿಯಾಗಿ ಮುರಿಯದೆ ಬಂದವು ಬೋರಣ್ಣನ ಡಬ್ಬಕ್ಕೆ, ಸುಟ್ಟವು ಮುರಿದವು ನನ್ನ ತಟ್ಟೆಗೆ. "ಅವನು ಯಾರು ಏನು ಕೊಟ್ರೂ ತಗೊಳಲ್ಲ ಕಣೋ, ಇದೊಂದೇ ತಗೊಳೋದು" ಎಂದು ಸಮಜಾಯಿಷಿ ಬೇರೆ. ನನ್ನ ಹೆಂಡತಿ ಒಂದು ದಿನ, "ರೀ, ಆ ಡಬ್ಬನ ಹಂಗೆ ನೋಡ್ಬೇಡಿ, ಕೋಡುಬಳೆ ಮೆತ್ತಗಾಗ್ಬಿಡತ್ತೆ" ಎಂದಳು.

ಹೊಟ್ಟೆಕಿಚ್ಚು ಮನುಷ್ಯನ ಕೈಯಲ್ಲಿ ಏನೇನು ಮಾಡಿಸುತ್ತದೆ ನೋಡಿ. ಬೋರಣ್ಣನಿಗೆ ಜ್ವರ ಬಂದ ಒಂದು ವಾರ, ಸಿಕ್ಕಿತು ಅವಕಾಶ ಎಂದು ಅಲ್ಯೂಮಿನಿಯಂನ ಮಡಿಸುವ ಏಣಿಯೊಂದನ್ನು ತರಿಸಿದೆ. ಹಿಡಿಕೆಯಿದ್ದ, ಹಗುರವಾದ, ಹೊಳೆಯುವ ಮೂರು ಮೆಟ್ಟಿಲಿನದು. ಹಲಸಿನ ಸ್ಟೂಲು ಅದರ ಮುಂದೆ ಏನೇನೂ ಅಲ್ಲ. ಅಮ್ಮ ಅನುಮಾನದಿಂದಲೇ ಹೊರಟಳು. ಜನ ಕಡಿಮೆಯಿದ್ದಾರೆಂದು ಎಂಜಿನ್ನಿನ ಪಕ್ಕದ ಬೋಗಿಗೆ ಹತ್ತಿಸಿದೆ. ಬೋರಣ್ಣ ಯಾವಾಗಲೂ ಮುಂದಿನಿಂದ ನಾಲ್ಕನೆಯ ಬೋಗಿಯ ಹಿಂದಿನ ಬಾಗಿಲಿನಲ್ಲೇ ಹತ್ತಿಸುತ್ತಿದ್ದರು. ಅದು ಅವರ ಚಾಳಿ ಎಂದುಕೊಂಡಿದ್ದೆ.

ಚಾಳಿಯಲ್ಲ. ಆ ಸ್ಟೇಷನ್ನಿನ ಪ್ಲಾಟ್‌ಫಾರಂ ಗಾಡಿಯಷ್ಟು ಉದ್ದವಿಲ್ಲ. ಮುಂದಿನ ಎರಡು ಬೋಗಿಗಳು ಪ್ಲಾಟ್‌ಫಾರಂ ದಾಟಿ ಜಲ್ಲಿಕಲ್ಲಿನ ಇಳಿಜಾರಿನ ಮೇಲೆ ನಿಲ್ಲುತ್ತವೆ. ನಾನು ಬಾಗಿಲು ತೆಗೆದು ನೋಡಿದರೆ ಕೆಳಗೆ ನೆಲವೇ ಇಲ್ಲ, ಪಾತಾಳದಲ್ಲಿ ಕಲ್ಲಿನ ರಾಶಿ. ಹೇಗೋ ಕೆಳಗೆ ಹಾರಿ ಏಣಿ ಇಟ್ಟೆ, ಅದು ಒಂದು ಕಾಲು ಹೂತು ಕುಡುಕನ ಹಾಗೆ ವಾಲಿತು. ಅಮ್ಮ ಬಾಗಿಲಲ್ಲಿ ನಿಂತು ಕೆಳಗೆ ನೋಡಿದಳು, ನನ್ನನ್ನು ನೋಡಿದಳು. "ನಾನು ಇಳಿಯಲ್ಲ," ಎಂದಳು. ನಾನು ಕೈ ಹಿಡಿದು ಬಾ ಬಾ ಎಂದು ಎಳೆದೆ. "ಬಿಡೋ, ನೀನು ಎಳೀತೀಯ!" ಎಂದು ಕೈ ಕಿತ್ತುಕೊಂಡಳು. ಅಷ್ಟರಲ್ಲಿ ಗಾಡಿ ಅಲುಗಿತು. ನಾನು ಹಾರಿ ಒಳಗೆ ಬಂದೆ, ಏಣಿ ಅಲ್ಲೇ ಉಳಿಯಿತು. ಮುಂದಿನ ಸ್ಟೇಷನ್ನಿನಲ್ಲಿ ಇಬ್ಬರು ಪ್ರಯಾಣಿಕರು ಅಮ್ಮನನ್ನು ಅಕ್ಕಿ ಮೂಟೆಯ ಹಾಗೆ ಎತ್ತಿ ಇಳಿಸಿದರು. ಅವಳು ಸೆರಗು ಸರಿಮಾಡಿಕೊಂಡು ನನಗೆ ಬೆನ್ನು ಮಾಡಿ ಬೆಂಚಿನ ಮೇಲೆ ಕೂತಳು. ಆ ದಿನ ಚಿಕ್ಕಮ್ಮನನ್ನು ನೋಡಲಾಗಲಿಲ್ಲ. ವಾಪಸು ಬರುವ ಗಾಡಿಯಲ್ಲಿ, "ಬೋರಣ್ಣಂಗೆ ಈ ವಾರವೇ ಜ್ವರ ಬರ್ಬೇಕಿತ್ತಾ" ಎಂದಳು. ನನ್ನನ್ನು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅದಾದ ಕೆಲವು ದಿನಕ್ಕೆ ಅಮ್ಮನನ್ನು ಸಮಾಧಾನ ಮಾಡಲೆಂದು ಮೆಟ್ರೊದಲ್ಲಿ ಸುತ್ತಾಡಿಸಿದೆ. ಕೆಂಗೇರಿಯಲ್ಲಿ ಲಿಫ್ಟಿನಲ್ಲಿ ಮೇಲೆ ಹೋದಳು. ಪ್ಲಾಟ್‌ಫಾರಂನಿಂದ ಗಾಡಿಯೊಳಕ್ಕೆ ಹೆಜ್ಜೆ ಎತ್ತದೆಯೇ ನಡೆದಳು. ವಿಜಯನಗರದಲ್ಲಿ ಇಳಿದು ಮತ್ತೆ ಲಿಫ್ಟು. ನನ್ನ ಕೈಯನ್ನು ಒಮ್ಮೆಯೂ ಕೇಳಲಿಲ್ಲ. ಖುಷಿಪಡುತ್ತಾಳೆ ಎಂದುಕೊಂಡರೆ ಮುಖ ಗಂಟಿಕ್ಕಿಕೊಂಡು ಕೂತಳು. "ಇಲ್ಲಿಗ್ ಮಾತ್ರ ಯಾಕೋ ಇದೆಲ್ಲ? ನಮ್ಮೂರಿನೋರಿಗೆ ಮಂಡಿ ಇಲ್ವಾ?"

ಆಗ ಹೊಳೆಯಿತು. ಚಿಕ್ಕಮ್ಮನ ಊರಿನ ಪ್ಲಾಟ್‌ಫಾರಂ ಎತ್ತರವಾಗಿ, ಮೇಲ್ಸೇತುವೆಗೆ ಮೆಟ್ಟಿಲಿನ ಬದಲು ಇಳಿಜಾರು ದಾರಿ ಬಂದರೆ ಅಮ್ಮನಿಗೆ ಬೋರಣ್ಣನ ತೋಳು ಬೇಕಿಲ್ಲ! ಒಳ್ಳೆಯ ಕೆಲಸಕ್ಕೆ ಒಳ್ಳೆಯ ಮನಸ್ಸೇ ಬೇಕೆಂದೇನೂ ಇಲ್ಲ, ಅದಕ್ಕೆ ನಾನೇ ಸಾಕ್ಷಿ. ಅವತ್ತೇ ಅರ್ಜಿ ಬರೆಯಲು ಕೂತೆ. ವಯಸ್ಸಾದವರು, ಬಸುರಿಯರು, ಗಾಲಿಕುರ್ಚಿಯವರು, ಸಂತೆಗೆ ಮೂಟೆ ಹೊರುವವರು ಎಂದು ಯಾರ್ಯಾರ ಕಷ್ಟವನ್ನೋ ಬರೆದೆ. ಎಲ್ಲವೂ ನಿಜವೇ. ಬರೆಯದೆ ಬಿಟ್ಟದ್ದು ನನ್ನ ಕಷ್ಟವೊಂದನ್ನೇ. ಜೊತೆಗೆ ನನ್ನ ಕೈಯಾರೆ ಬರೆದ ನಕ್ಷೆ: ಹನ್ನೆರಡು ಅಡಿ ನಡೆದರೆ ಒಂದಡಿ ಏರು, ನಡುನಡುವೆ ನಿಂತು ಸುಧಾರಿಸಿಕೊಳ್ಳಲು ಸಮತಟ್ಟು ಜಾಗ. ಊರಿನವರ ಸಹಿ ಹಾಕಿಸಿದೆ, ದಿನಾ ಓಡಾಡುವವರ ಸಹಿ ಹಾಕಿಸಿದೆ. ಬೋರಣ್ಣನ ಸಹಿ ಮಾತ್ರ ಕೇಳಲಿಲ್ಲ.

ಅವರೇ ಬಂದರು. ಒಂದು ಭಾನುವಾರ ಜಗುಲಿಯಲ್ಲಿ ಕೂತು, "ಅರ್ಜಿ ಬರೀತಿದೀರಂತೆ, ನಂಗ್ಯಾಕೆ ಹೇಳ್ನಿಲ್ಲ ಮೇಷ್ಟ್ರೇ?" ಎಂದರು.

"ನಿಮಗ್ಯಾಕೆ ಸುಮ್ನೆ ತೊಂದ್ರೆ ಅಂತ."

"ತೋರ್ಸಿ ಮತ್ತೆ." ಜೇಬಿನಿಂದ ಕನ್ನಡಕ ತೆಗೆದು ನಕ್ಷೆಯನ್ನು ತುಂಬ ಹೊತ್ತು ನೋಡಿದರು. ಓದು ನಾಲ್ಕನೇ ಕ್ಲಾಸಿಗೆ ನಿಂತವರು ಇದರಲ್ಲಿ ಏನು ಕಂಡಾರು ಎಂದು ನಾನು ಕಾಫಿ ಕುಡಿಯುತ್ತ ಕೂತೆ. ಬೆರಳಿಟ್ಟರು. "ಇಳಿಜಾರು ಇಲ್ಲಿ ಮುಗೀತದಾ? ಮಳೆಗಾಲ್ದಲ್ಲಿ ಇಲ್ಲಿ ಮೊಣಕಾಲುದ್ದ ನೀರ್ ನಿಲ್ತದೆ. ಹತ್ತು ಮಾರು ಈಚೆಗ್ ತಗಳಿ." ನಿಜ. ನಾನು ಆ ಜಾಗವನ್ನು ಬೇಸಿಗೆಯಲ್ಲಿ ಮಾತ್ರ ನೋಡಿದ್ದೆ. ಮತ್ತೆ ಬೆರಳು. "ಕಂಬಿ ಒಂದೇ ಕಡೆ ಯಾಕೆ? ಲಕ್ವ ಹೊಡ್ದೋರ್ಗೆ ಒಂದೇ ಕೈ ಇರ್ತದೆ. ಹೋಗ್ತಾ ಸಿಕ್ಕಿದ್ದು ಬತ್ತಾ ಸಿಗಬ್ಯಾಡ್ವಾ?" ಅದನ್ನೂ ಬರೆದುಕೊಂಡೆ.

"ಇಷ್ಟ್ ಉದ್ದ ಆದ್ರೆ ಜನ ಬೈಯ್ಯಲ್ವಾ ಬೋರಣ್ಣ?" ಎಂದು ನಾನೇ ಒಂದು ತಪ್ಪು ಹುಡುಕಿಕೊಟ್ಟೆ.

"ಉದ್ದ ಇರ್ಲಿ ಬಿಡಿ. ಉದ್ದ ಯಾರ್ನೂ ಬೀಳ್ಸಲ್ಲ, ಎತ್ರ ಬೀಳ್ಸದು. ಕಂಬಿ ಎಷ್ಟೆತ್ರ ಮಡಗಿದೀರಿ?"

"ಮೂರಡಿ. ಪುಸ್ತಕದಲ್ಲಿ ಹಾಗಿದೆ."

"ಪುಸ್ತಕ್ದಲ್ಲಿ ಅಕ್ಕ ಅವ್ರಾ?" ಎಂದವರು ಒಳಗಿನಿಂದ ಅಮ್ಮನನ್ನು ಕರೆದರು. ಎದ್ದು ಪಕ್ಕಕ್ಕೆ ತಿರುಗಿ ನಿಂತು ತೋಳು ಮಡಿಸಿದರು. ಅಮ್ಮ ಏನು ಎತ್ತ ಎಂದೂ ಕೇಳದೆ ಬಂದು ಹಿಡಿದು ನಿಂತಳು. "ಅಳೀರಿ ಮೇಷ್ಟ್ರೇ," ಎಂದರು. ನಾನು ನೆಲದ ಮೇಲೆ ಮಂಡಿಯೂರಿ, ನೆಲದಿಂದ ನನ್ನ ತಾಯಿಯ ಅಂಗೈವರೆಗೆ ಟೇಪು ಹಿಡಿದೆ. ಎರಡಡಿ ಎಂಟಿಂಚು. ಮೂವತ್ತು ವರ್ಷದಿಂದ ಅಳತೆ ಕಲಿಸುವವನು ನಾನು, ನನ್ನ ಅಮ್ಮನ ಕೈ ಎಷ್ಟು ಎತ್ತರಕ್ಕೆ ಬರುತ್ತದೆಂದು ಅಳೆದದ್ದು ಅದೇ ಮೊದಲು, ಅದೂ ಇನ್ನೊಬ್ಬರ ತೋಳಿನ ಮೇಲೆ. ಅರ್ಜಿಯಲ್ಲಿ ಕಂಬಿ ಎರಡು ಎತ್ತರದಲ್ಲಿರಲಿ ಎಂದು ಬರೆದೆವು, ಪುಸ್ತಕದವರಿಗೊಂದು, ಅಮ್ಮನಂಥವರಿಗೊಂದು.

ಕೊನೆಗೆ ನನ್ನ ಬಾಯಿ ಸುಮ್ಮನಿರಲಿಲ್ಲ. "ಇದಾದ್ರೆ ಆಮೇಲೆ ನಿಮ್ಮನ್ನ ಯಾರೂ ಕರೆಯಲ್ಲ ಬೋರಣ್ಣ," ಎಂದೆ.

ಅವರು ನಕ್ಕರು. "ಕರೀಬಾರ್ದು ಅಂತ್ಲೇ ಅಲ್ವಾ ಇದು? ನಂಗೂ ವಯಸ್ಸಾಯ್ತು. ನಾ ಮಲಿಕ್ಕಂಡ್ ದಿನ ಅಕ್ಕ ಮನೇಲೇ ಕೂತ್ಕಬೇಕಾ?"

ಅರ್ಜಿ ಎಲ್ಲೆಲ್ಲಿಗೋ ಹೋಯಿತು. ನಾನು ಕಚೇರಿಯಿಂದ ಕಚೇರಿಗೆ ತಿರುಗಿದೆ. ಪಾಲಿಟೆಕ್ನಿಕ್ಕಿನ ಹಳೆಯ ಶಿಷ್ಯನೊಬ್ಬ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅದನ್ನು ತಳ್ಳಿಸಿದ. ಎರಡು ವರ್ಷ ಕಳೆದು, ಇನ್ನು ಆಗುವುದಿಲ್ಲ ಎಂದುಕೊಂಡಾಗ ಕೆಲಸ ಶುರುವಾಯಿತು. ಪ್ಲಾಟ್‌ಫಾರಂ ಎತ್ತರವಾಯಿತು, ಉದ್ದವೂ ಆಯಿತು. ಸೇತುವೆಯ ಎರಡೂ ಕಡೆ ಉದ್ದನೆಯ ಇಳಿಜಾರು ಬಂತು, ಎರಡೂ ಕಡೆ ಎರಡೆರಡು ಎತ್ತರದ ಕಂಬಿ. ಸಮತಟ್ಟು ಜಾಗ ನಾನು ಬರೆದಿದ್ದಕ್ಕಿಂತ ಕಡಿಮೆ ಮಾಡಿದ್ದರು. ಆದರೆ ನೀರು ನಿಲ್ಲುವ ಜಾಗದಿಂದ ಈಚೆಗೇ ಮುಗಿಸಿದ್ದರು.

ಎಲ್ಲ ತಯಾರಾದ ಮೊದಲ ಗುರುವಾರ ನಾನೂ ರಜೆ ಹಾಕಿದೆ. ಈ ದಿನವನ್ನು ಕಣ್ಣಾರೆ ನೋಡಬೇಕಿತ್ತು. ಅಭ್ಯಾಸಬಲದಿಂದ ಬೋರಣ್ಣ ಹಳ್ಳದ ಸೇತುವೆಯ ಸದ್ದಿಗೇ ಅಮ್ಮನನ್ನು ಎಬ್ಬಿಸಿದ್ದರು. ಗಾಡಿ ನಿಂತಿತು. ಬಾಗಿಲ ಮುಂದೆಯೇ ಪ್ಲಾಟ್‌ಫಾರಂ. ನಾನು ಕೈ ಚಾಚಿದೆ. "ಬೇಡ ಕಣೋ, ಬಿಡು," ಎಂದಳು. ಅದು ನಿರೀಕ್ಷಿಸಿದ್ದೇ. ಬೋರಣ್ಣ ಪಕ್ಕಕ್ಕೆ ತಿರುಗಿ ತೋಳು ಮಡಿಸಿದರು. ಅಮ್ಮ ಅವರ ತೋಳನ್ನು ಒಮ್ಮೆ ಮೆಲ್ಲಗೆ ತಟ್ಟಿ, "ನಿಂದೂ ಬೇಡ ಬೋರಣ್ಣ," ಎಂದು ಕೋಲು ಊರಿಕೊಂಡು ನಡೆದೇಬಿಟ್ಟಳು.

ಆ ಗಳಿಗೆಗಾಗಿ ನಾನು ಎರಡು ವರ್ಷಕ್ಕೂ ಹೆಚ್ಚು ಕಾದಿದ್ದೆ. ತಿರುಗಿ ಬೋರಣ್ಣನ ಮುಖ ನೋಡಿದೆ. ನನ್ನೊಳಗೆ ಇಷ್ಟು ದಿನ ಉರಿದದ್ದು ಆ ಮುಖದಲ್ಲಿ ಒಂದು ಚೂರಾದರೂ ಕಾಣಲಿ ಎಂಬ ಆಸೆ. ಇರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು, ಕುತ್ತಿಗೆ ಉದ್ದ ಮಾಡಿ, ಅಮ್ಮನ ಪಾದಗಳನ್ನೇ ನೋಡುತ್ತಿದ್ದರು. "ನೋಡಿ ಮೇಷ್ಟ್ರೇ, ಹೆಂಗ್ ಹೋಯ್ತಾವ್ರೆ ನೋಡಿ!" ಕಣ್ಣಲ್ಲಿ ನೀರು, ಬಾಯಿ ತುಂಬ ನಗು. ಅಮ್ಮ ಒಂದು ಕೈ ಕಂಬಿಯ ಮೇಲಿಟ್ಟು ಏರುತ್ತ ಹೋದಳು, ಸೇತುವೆಯ ನಡುವೆ ನಿಂತು ತಾನು ಹುಟ್ಟಿದ ಊರನ್ನು ಮೇಲಿನಿಂದ ನಿಧಾನವಾಗಿ ನೋಡಿದಳು. ಅಲ್ಲಿಂದಲೇ ಕೂಗಿದಳು, "ನೀವಿಬ್ರೂ ನಿಧಾನಕ್ಕೆ ಬನ್ನಿ, ನಾನ್ ಹೋಗಿರ್ತೀನಿ." ನಾವಿಬ್ಬರೂ ಬೇಡವಾಗಿ ನಿಂತಿದ್ದೆವು. ಅದರಲ್ಲಿ ಒಬ್ಬರಿಗೆ ಅಷ್ಟೊಂದು ಸಂತೋಷ. ನನಗೆ ಮತ್ತೆ ಹೊಟ್ಟೆ ಉರಿಯಿತು, ಈ ಸಲ ಆ ಸಂತೋಷದ ಮೇಲೆ.

ಇಳಿಜಾರು ಏರುತ್ತ ಬೋರಣ್ಣ ಹೇಳಿದರು, "ನಿಮ್ಗೆ ನನ್ ಕಂಡ್ರೆ ಆಗ್ತಿರ್ನಿಲ್ಲ, ನಂಗೊತ್ತು."

"ಛೆ, ಯಾರ್ ಹೇಳಿದ್ದು?"

"ಕೋಡ್ಬಳೆ ಡಬ್ಬ ಕೊಡುವಾಗ ನಿಮ್ ಮುಖ ನೋಡಿದ್ರೆ ಸಾಕಿತ್ತು. ಇರ್ಲಿ ಬಿಡಿ. ಆ ಕಿಚ್ಚಿಲ್ದಿದ್ರೆ ನೀವ್ ಎರಡ್ ವರ್ಷ ಆ ಆಫೀಸ್‌ಗಳ್ಗೆ ಅಲೀತಿದ್ರಾ?" ಅವರು ನನ್ನ ಬೆನ್ನಿಗೊಂದು ಗುದ್ದು ಕೊಟ್ಟು ಮುಂದೆ ನಡೆದರು. ಅದೇ ನಮ್ಮ ಕೊನೆಯ ಮಾತುಕತೆ ಎನ್ನಬೇಕು. ಆಮೇಲೆ ಒಂದೆರಡು ಬೆಳಿಗ್ಗೆ, ಗುರುವಾರವಲ್ಲದ ದಿನಗಳಲ್ಲೂ, ಸ್ಟೂಲು ಹೊತ್ತುಕೊಂಡು ಕೆಂಗೇರಿ ಸ್ಟೇಷನ್ ರಸ್ತೆಯಲ್ಲಿ ಹೋಗುತ್ತಿದ್ದುದನ್ನು ದೂರದಿಂದ ಕಂಡಿದ್ದೆ. ಎಲ್ಲಿಗೆ ಎಂದು ಕೇಳಿರಲಿಲ್ಲ.

ಅಮ್ಮ ಒಬ್ಬಳೇ ಹೋಗಿ ಬರತೊಡಗಿದಳು. ಮನೆಗೆ ಬಂದಾಗ ಮೊದಲಿನಷ್ಟು ಆಯಾಸವಿಲ್ಲ, ಮೊದಲಿನ ಕಥೆಗಳೂ ಇಲ್ಲ. ಹೀಗಿರುವಾಗ ಕಳೆದ ಚಳಿಗಾಲದಲ್ಲಿ ಬೋರಣ್ಣ ನಿದ್ದೆಯಲ್ಲೇ ಹೋಗಿಬಿಟ್ಟರೆಂಬ ಸುದ್ದಿ ಬಂತು. ಅಮ್ಮ ಎರಡು ದಿನ ಒಲೆಯ ಕಡೆ ಸುಳಿಯಲಿಲ್ಲ.

ಹನ್ನೊಂದನೇ ದಿನದ ತಿಥಿಗೆ ಅಮ್ಮನನ್ನು ಹಳೇ ಕೆಂಗೇರಿಯ ಅವರ ಮನೆಗೆ ಕರೆದುಕೊಂಡು ಹೋದೆ. ಅಂಗಳದ ಚಾಪೆಯ ಮೇಲೆ ಐದಾರು ವಯಸ್ಸಾದ ಹೆಂಗಸರು, ಒಬ್ಬ ಮುದುಕರು ಕೂತಿದ್ದರು. ಎಲ್ಲರೂ ಇಲ್ಲಿಯವರೇ, ಮೈಸೂರು ಲೈನಿನ ಯಾವ್ಯಾವುದೋ ಊರಿನ ನಂಟಿನವರು. ಅಮ್ಮ ಕೂತು ತನ್ನ ಪರಿಚಯ ಹೇಳಿಕೊಂಡಳು. ಪಕ್ಕದವರು, "ಓ, ನೀವು ಗುರುವಾರದೋರು! ನಾನು ಸೋಮವಾರದೋಳು" ಎಂದರು. ಅವರ ಪಕ್ಕದವರು ಮಂಗಳವಾರ. ಮುದುಕರು ಶನಿವಾರ. ಅಮ್ಮನ ಮುಖ ಸಣ್ಣಗಾಯಿತು. ಸೋಮವಾರದವರು ಕಣ್ಣೊರೆಸಿಕೊಂಡು, "ನಿಮ್ಮಂಥ ಹಗುರ ಹೆಜ್ಜೆ ಈ ಲೈನಲ್ಲೇ ಯಾರ್ದೂ ಇಲ್ಲ ಅಕ್ಕಾ ಅಂತಿದ್ದ, ಪುಣ್ಯಾತ್ಮ" ಎಂದಾಗ ಅಮ್ಮ ಸೆರಗಿನ ತುದಿ ಹಿಂಡುತ್ತ ನನ್ನ ಕಿವಿಯಲ್ಲಿ, "ನನಗೊಬ್ಳಿಗೇ ಹೇಳಿದ್ದು ಅಂದ್ಕೊಂಡಿದ್ದೆ ಕಣೋ," ಎಂದಳು. ಅವಳಿಗೂ ಹೊಟ್ಟೆಕಿಚ್ಚು. ನಾನು ಜೀವಮಾನದಲ್ಲಿ ಅವಳನ್ನು ಅಷ್ಟು ಹತ್ತಿರದಿಂದ ಅರ್ಥಮಾಡಿಕೊಂಡದ್ದಿಲ್ಲ.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಬೋರಣ್ಣನ ಸೊಸೆಯ ಫೋನು ಬಡಿದುಕೊಂಡಿತು. ಆಕೆ ಕೈಯಲ್ಲಿ ಸಾರಿನ ಪಾತ್ರೆ ಹಿಡಿದಿದ್ದಳು. "ಅಜ್ಜಿ, ಒಂಚೂರು ಮಾತಾಡಿ. ಬುಧವಾರದೋರು," ಎಂದು ಅಮ್ಮನ ಮಡಿಲಿಗೆ ಹಾಕಿ ಹೋದಳು. ಅಮ್ಮನಿಗೆ ಕಿವಿ ಮಂದ, ಸ್ಪೀಕರ್ ಹಾಕಿಕೊಟ್ಟೆ. ಬಳಲಿದ ಒಂದು ಹೆಂಗಸಿನ ದನಿ. ಮೈಸೂರು ಲೈನಿನ ತನ್ನ ಊರಿನ ಹೆಸರು ಹೇಳಿತು. ಅಮ್ಮ, "ಎಲ್ರೂ ಬಂದಿದಾರೆ ಕಣಮ್ಮ, ನೀವ್ಯಾಕೆ ಬರ್ಲಿಲ್ಲ?" ಎಂದು ಕೇಳಿದಳು.

"ಹೆಂಗ್ ಬರ್ಲಿ ತಾಯಿ? ಬೆಳಗ್ಗೆ ಸ್ಟೇಷನ್ ತಂಕ ಬಂದಿದ್ದೆ. ಮೆಟ್ಲು ನೋಡ್ಕಂಡ್ ನಿಂತಿದ್ದು ವಾಪಸ್ ಬಂದೆ. ದಾಟಿಸ್ತಿದ್ದೋನ ತಿಥಿಗೇ ಅಲ್ವಾ ಹೊಂಟಿದ್ದು."

ಅಮ್ಮ ಫೋನನ್ನು ನನ್ನ ಕೈಗಿತ್ತಳು. ನಾನು ಜೇಬಿನಿಂದ ಪೆನ್ನು ತೆಗೆದು, ನಿಮ್ಮ ಸ್ಟೇಷನ್ನಿನಲ್ಲಿ ಎಷ್ಟು ಮೆಟ್ಟಿಲಿದೆ ತಾಯಿ ಎಂದು ಕೇಳಿದೆ. ಆಕೆ ಯೋಚಿಸದೆ ಹೇಳಿದರು, "ಐವತ್ತೆರಡು."